ಬಿ.ಪಿ. ಹೆಸರಲ್ಲಿ ಮುಚ್ಚಿಟ್ಟ ಪ್ರಾಸ್ಟೇಟು

ರೋಗ ಬಂದರೂ ಮರ್ಯಾದಸ್ಥ ರೋಗವೇ ಬರಬೇಕು ಎನ್ನುವವನು ನಾನು. "ನನಗೆ ಬಿ.ಪಿ. ಕಣ್ರೀ" ಎಂದು ನೋಡಿ, ಜನ ಕುರ್ಚಿ ಕೊಡುತ್ತಾರೆ. "ಪ್ರಾಸ್ಟೇಟ್ ಊದಿಕೊಂಡಿದೆ" ಎಂದು ನೋಡಿ, ಅದೆಲ್ಲಿದೆ ಎಂದು ಕೇಳುತ್ತಾರೆ! ದೇವರು ನನಗೆ ಎರಡನ್ನೂ ಒಟ್ಟಿಗೇ ದಯಪಾಲಿಸಿದ್ದ. ಕೆ.ಆರ್. ನಗರದ ಡಾಕ್ಟರು, "ದೇವರಾಜು, ಇವೆರಡಕ್ಕೂ ನೆಂಟಸ್ತನ ಇದೆ. ಮೂತ್ರ ತಡೆದುಕೊಂಡು ಕೂತರೆ ಬಿ.ಪಿ. ಏರುತ್ತೆ. ಬಂದಾಗ ಹೋಗಿಬಿಡಿ, ನಾಚಿಕೆ ಬೇಡ" ಎಂದಿದ್ದರು.

ನಾಚಿಕೆ ಬೇಡವಂತೆ! ಅಕ್ಕನ ಮಗಳು ರಮ್ಯಳಿಗೆ ಸಂಬಂಧ ಕೂಡಿಬಂದಿತ್ತು. ಗಾವಡಗೆರೆಯ ಗಂಡಿನವರು ಚುಂಚನಕಟ್ಟೆಯ ನಮ್ಮ ಮನೆಗೇ ಬಂದು ತಟ್ಟೆ ಬದಲಾಯಿಸುವ ಶಾಸ್ತ್ರ. ತಂದೆಯಿಲ್ಲದ ಹುಡುಗಿ, ನಾನು ಸೋದರಮಾವ. ತಟ್ಟೆ ಹಿಡಿದು ಕೂತ ಮೇಲೆ ಬದಲಾಯಿಸುವ ತನಕ ಏಳುವಂತಿಲ್ಲ. ನಡುವೆ ಎದ್ದರೆ ಸಂಬಂಧ ಬೇಡವೆಂದ ಹಾಗೆ!

"ನಿಮ್ ಕೈಲಿ ತಡ್ಕಳಕ್ಕಾಗಲ್ಲ. ಮೊದ್ಲೇ ಬೀಗ್ರಿಗೆ ಹೇಳ್ಬುಡಿ" ಎಂದಳು ಹೆಂಡತಿ ಸುನಂದಮ್ಮ.

"ಲೇ, ಓಡೋ ಹೋರಿ ಹಿಡ್ದು ನಿಲ್ಸಿದೋನು ನಾನು. ಇದ್ಯಾವ ಲೆಕ್ಕ!"

ಕೂತೆ. ಎದುರಿಗೆ ಗಂಡಿನ ತಂದೆ ಶಿವನಂಜಪ್ಪನವರು, ಅವರ ಕೈಯಲ್ಲೂ ತಟ್ಟೆ. ಆಗಲೇ ನಮ್ಮ ಕಡೆಯ ಜೋಯಿಸರಿಗೂ ಗಂಡಿನ ಕಡೆಯ ಒಬ್ಬ ಪಂಚಾಂಗ ಪಂಡಿತರಿಗೂ ಲಗ್ನದ ವಿಷಯಕ್ಕೆ ವಾಗ್ಯುದ್ಧ ಶುರುವಾಯಿತು. ಒಬ್ಬರು ಮೀನ ಎಂದರೆ ಇನ್ನೊಬ್ಬರು ಮೇಷ! ನನಗೋ ಯಾವುದಾದರೂ ಸರಿ, ಬೇಗ ಆಗಲಿ. ತೊಡೆ ಬಿಗಿದೆ. ಕಾಲು ಅದುರಿತು. ತಟ್ಟೆಯಲ್ಲಿದ್ದ ತೆಂಗಿನಕಾಯಿ ಅತ್ತಿಂದಿತ್ತ ಉರುಳಾಡತೊಡಗಿತು.

ಗಂಡಿನ ತಂಗಿ ಹರ್ಷಿತಾ ನರ್ಸು. ಅವಳ ಕಣ್ಣಿಗೆ ಬಿತ್ತು. "ಯಾಕೆ ಮಾವ, ಹಿಂಗೆ ಬೆವರ್ತಿದ್ದೀರ?"

"ಏನಿಲ್ಲ ಕಣವ್ವ, ಒಸಿ ಬಿ.ಪಿ." ಎಂದುಬಿಟ್ಟೆ.

ಕೆಟ್ಟೆ! "ಅಲ್ಲಾಡ್ಬೇಡಿ!" ಎಂದವಳೇ ಬ್ಯಾಗಿನಿಂದ ಮಿಷನ್ನು ತೆಗೆದು ತೋಳಿಗೆ ಪಟ್ಟಿ ಸುತ್ತಿದಳು. ನೂರ ತೊಂಬತ್ತು! ಇಬ್ಬರು ನನ್ನ ಹೆಗಲು ಒತ್ತಿ ಹಿಡಿದರು. ಬೀಗಿತ್ತಿ ಪುಟ್ಟತಾಯಮ್ಮ ಒಂದು ಚೊಂಬು ಮಜ್ಜಿಗೆ ತಂದು, "ತಂಪಾಯ್ತದೆ, ಕುಡೀರಣ್ಣ" ಎಂದು ಬಾಯಿಗೇ ಹಿಡಿದರು. ಮಜ್ಜಿಗೆಯ ಹಿಂದೆ ಎಳನೀರು ಬಂತು. ಒಳಗೆ ಕಟ್ಟೆ ಒಡೆಯುವ ಹಾಗಾಗಿದೆ, ಮೇಲಿಂದ ಇವರು ನೀರು ಬಿಡುತ್ತಿದ್ದಾರೆ! ಸಾಲದ್ದಕ್ಕೆ ಯಾರೋ ಪುಣ್ಯಾತ್ಮರು ಹಿತ್ತಲಲ್ಲಿ ನಲ್ಲಿ ತಿರುಗಿಸಿದರು.

ಹರ್ಷಿತಾ ಮತ್ತೆ ನೋಡಿದಳು. ಇನ್ನೂರು ದಾಟಿತ್ತು. "ಆಂಬುಲೆನ್ಸ್ ಕರೀರಿ!"

ರಮ್ಯ ಅಳುತ್ತಾ ಓಡಿ ಬಂದಳು. "ಮಾವ, ನಿಮ್ಗೇನಾರ ಆದ್ರೆ ನಂಗೀ ಮದ್ವೇನೇ ಬ್ಯಾಡ!"

ನಾನು ಎದ್ದರೂ ಸಂಬಂಧ ಮುರಿಯುತ್ತದೆ, ಕೂತಿದ್ದರೂ ಮುರಿಯುತ್ತದೆ. ಬಾಯಿ ಬಿಡೋಣವೆಂದರೆ ಬಾಯಿ ತುಂಬ ಎಳನೀರು! ಆಗ ಸುನಂದಮ್ಮ ಸೆರಗು ಸಿಕ್ಕಿಸಿ ನಡುಮನೆಗೆ ಬಂದಳು.

"ಆಸ್ಪತ್ರೆಗಲ್ಲ ಕಣ್ರಪ್ಪಾ, ಮೊದ್ಲು ಅವ್ರನ್ನ ಹಿತ್ಲಿಗೆ ಬುಡಿ! ಪ್ರಾಸ್ಟೇಟು ದಪ್ಪ ಆಗದೆ, ಉಚ್ಚೆ ಕಟ್ಕಂಡು ಕೂತವ್ರೆ!"

ಪಂಚಾಂಗಗಳೆರಡೂ ಪಟ್ಟನೆ ಮುಚ್ಚಿಕೊಂಡವು. ನಾನು ತಲೆ ತಗ್ಗಿಸಿದೆ. ಹೋಯಿತು ಸಂಬಂಧ ಎಂದುಕೊಂಡೆ. ಶಿವನಂಜಪ್ಪನವರು ನನ್ನನ್ನೇ ದುರುಗುಟ್ಟಿ ನೋಡಿದರು. ತಮ್ಮ ತಟ್ಟೆಯನ್ನು ಹೆಂಡತಿಯ ಕೈಗೆ ತುರುಕಿದರು.

"ಮೊದ್ಲೇ ಹೇಳಕ್ಕೆ ಏನಾಗಿತ್ತು ಬೀಗ್ರೇ? ನಾನೂ ಆಗ್ಲಿಂದ ಉಸುರು ಬಿಗಿಹಿಡ್ಕಂಡು ಕೂತಿವ್ನಿ. ನಡೀರಿ, ದಾರಿ ತೋರ್ಸಿ!"

ನನ್ನ ತಟ್ಟೆ ಸುನಂದಮ್ಮನ ಪಾಲಾಯಿತು. ಬೀಗರಿಬ್ಬರೂ ಹಿತ್ತಲಿಗೆ ಓಡಿದೆವು. ನಮ್ಮ ವಯಸ್ಸಿನಲ್ಲಿ ಅದು ಬೇಗ ಮುಗಿಯುವ ಕೆಲಸವೂ ಅಲ್ಲ! ಹಗುರಾಗಿ, ಕೈ ಕೈ ಹಿಡಿದುಕೊಂಡು ವಾಪಸು ಬಂದರೆ ಒಳಗೆ ಎಲ್ಲರೂ ಸಿಹಿ ತಿನ್ನುತ್ತಿದ್ದರು. ಹರ್ಷಿತಾ ಮತ್ತೆ ಪಟ್ಟಿ ಸುತ್ತಿದಳು. ನೂರ ನಲವತ್ತು!

"ಸರಿ, ತಟ್ಟೆ ಕೊಡು, ಶಾಸ್ತ್ರ ಮುಗಿಸೋಣ" ಎಂದು ಗತ್ತಿನಲ್ಲಿ ಕೂತೆ.

"ನಿಮ್ಗೆ ಕಾದಿದ್ರೆ ಒಳ್ಳೆ ಗಳಿಗೆ ಮೀರ್ಕಳ್ತಿತ್ತು. ನಾನೂ ಬೀಗಿತ್ತೀನೂ ತಟ್ಟೆ ಬದಲಾಯಿಸ್ಕಂಡೋ, ಲಗ್ನಾನೂ ಕಟ್ಟುಸ್ದೋ" ಎಂದಳು ಸುನಂದಮ್ಮ. "ಎಲ್ಲಾ ಸಲೀಸಾಗಿ ನಡೀತು. ಮದ್ವೆ ದಿನಾನೂ ನೀವಿಬ್ರೂ ಹಿತ್ಲಲ್ಲೇ ಇದ್ಬುಡಿ!"