ನಮ್ಮ ವ್ಯಾನಿನ ಮೊದಲ ಪ್ರಯಾಣಿಕಳು

ನಮ್ಮ ವ್ಯಾನನ್ನು ಆಕಳು ಕೆಡಿಸಿತು ಎಂಬ ಮಾತು ಹಾವೇರಿಯ ನಮ್ಮ ಓಣಿಯಲ್ಲಿ ಈಗ ಇತಿಹಾಸವೇ ಆಗಿಬಿಟ್ಟಿದೆ. ಹಾಲಿನವನು ಹಾಗೇ ಹೇಳುತ್ತಾನೆ, ಇಸ್ತ್ರಿಯವನು ಹಾಗೇ ಹೇಳುತ್ತಾನೆ. ಆ ದಿನ ಊರಲ್ಲೇ ಇರದಿದ್ದ ಎದುರು ಮನೆಯ ಮಾಸ್ತರರಂತೂ ಎಲ್ಲರಿಗಿಂತ ವಿವರವಾಗಿ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಆಕಳಿನ ಪರವಾಗಿ ಮಾತಾಡುವವರು ಯಾರೂ ಇಲ್ಲವಾದ್ದರಿಂದ ನಾನೇ ವಕಾಲತ್ತು ವಹಿಸಬೇಕಾಗಿದೆ. ಒಳಗೆ ಬಿಡಿ ಎಂದು ಆ ಆಕಳು ಅರ್ಜಿ ಹಾಕಿರಲಿಲ್ಲ. ಅದನ್ನು ಒಳಗೆ ಹತ್ತಿಸಿದ್ದು ಬೆಲ್ಲ, ಬೆಲ್ಲ ತೋರಿಸಿದ್ದು ಶಾಸ್ತ್ರ, ಶಾಸ್ತ್ರವನ್ನು ಕೈಹಿಡಿದು ಕರೆತಂದದ್ದು ಒಂದು ವಾದ. ಆ ವಾದ ಯಾರದು ಎಂಬುದನ್ನು ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ಅದು ಬಹಳ ಒಳ್ಳೆಯ ವಾದವಾಗಿತ್ತು ಎಂದು ತಿಳಿದರೆ ಸಾಕು.

ಮೂಲ ವಿಷಯ ಅವ್ವನದು. ಅವ್ವನಿಗೆ ಕಾರವಾರದ ದಂಡೆಯ ಮೇಲೆ ಕೂತು ಹೊತ್ತು ಮುಳುಗುವುದನ್ನು ನೋಡಬೇಕು. ಅದೇನು ಮಹಾ, ಬೆಳಿಗ್ಗೆ ಹೋಗಿ ಸಂಜೆಯೊಳಗೆ ಬರಬಹುದಲ್ಲ ಎನ್ನುವವರಿಗೆ ಸೂರ್ಯ ಮಧ್ಯಾಹ್ನ ಮುಳುಗುವುದಿಲ್ಲ ಎಂದು ನೆನಪಿಸಬೇಕಾಗುತ್ತದೆ. ಮುಳುಗುವವರೆಗೆ ಕೂತರೆ ಅಲ್ಲೇ ವಸ್ತಿ ಮಾಡಬೇಕು. ಅವ್ವ ತನ್ನದಲ್ಲದ ಬಚ್ಚಲಿಗೆ ಕಾಲಿಡುವವಳಲ್ಲ, ತನ್ನದಲ್ಲದ ಒಲೆಯ ಮೇಲೆ ಬೆಂದದ್ದನ್ನು ತಿನ್ನುವವಳಲ್ಲ. ತವರಿಗೆ ಹೋದರೂ ಸಂಜೆ ಬಸ್ಸಿಗೆ ವಾಪಸ್ಸು. "ನನ್ನ ಬಚ್ಚಲಾ, ನನ್ನ ಒಲಿ ನನ್ನ ಬೆನ್ನ ಹಿಂದ ಬರ್ತಾವಂದ್ರ ಹೇಳ್ರಿ, ಈಗ ಹೊಂಡತೇನಿ" ಎಂದು ನನಗೆ ಬುದ್ಧಿ ಬಂದಾಗಿನಿಂದ ಹೇಳುತ್ತಿದ್ದಳು. ಅದು 'ಒಲ್ಲೆ' ಎನ್ನುವ ಅವಳ ರೀತಿ ಎಂದು ನಾವೆಲ್ಲ ತಿಳಿದಿದ್ದೆವು. ಒಂದು ದಿನ ಅಪ್ಪ ಮೊಬೈಲಿನಲ್ಲಿ ಕ್ಯಾಂಪರ್ ವ್ಯಾನ್ ಎಂಬುದನ್ನು ನೋಡಿದ. ಒಳಗೇ ಮಂಚ, ಒಳಗೇ ಒಲೆ, ಒಳಗೇ ಬಚ್ಚಲು. ಅವ್ವನ ಷರತ್ತಿಗೆ ನಾಲ್ಕು ಗಾಲಿ ಮೂಡಿದಂತಾಯಿತು.

ಕೊಳ್ಳುವುದೋ ಕಟ್ಟಿಸುವುದೋ ಎಂಬ ಪ್ರಶ್ನೆ ಎದ್ದದ್ದು ಆಗ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿರುವ ಅಪ್ಪ, ಸೀಲು ಒಡೆಯದ ಪೊಟ್ಟಣವನ್ನು ಬಿಟ್ಟು ಜಗತ್ತಿನಲ್ಲಿ ಯಾವುದನ್ನೂ ನಂಬುವವನಲ್ಲ. ಹುಬ್ಬಳ್ಳಿಗೆ ಹೋಗಿ ಸಿದ್ಧ ವ್ಯಾನೊಂದನ್ನು ನೋಡಿಯೂ ಬಂದ. ಅಪ್ಪನ ತಮ್ಮ, ಬ್ಯಾಡಗಿಯ ಕಾಕಾ, ಮೆಣಸಿನಕಾಯಿ ಚೀಲ ಹೇರುವ ಹಳೆಯ ಟೆಂಪೋ ಒಂದರ ಒಡೆಯ.

"ಅಣ್ಣಾ, ಗಾಡಿ ಮನ್ಯಾಗ ಐತಿ. ಮ್ಯಾಲ ನಾಕ ಹಲಿಗಿ ಬಡದ್ರ ಮುಗೀತು," ಎಂದ ಕಾಕಾ.

"ಅದರಾಗ ಕುಂತ್ರ ಹುಬ್ಬಳ್ಳಿ ಮುಟ್ಟೂದ್ರಾಗ ನೂರ ಸೀನು ಬರ್ತಾವಲೇ. ನಿಮ್ಮ ವೈನಿಗೆ ಸಮುದ್ರ ಕಣ್ಣೀರಾಗ ಕಾಣಬೇಕೇನು?" ಎಂದು ಅಪ್ಪ ಅವ್ವನಿದ್ದ ಅಡುಗೆಮನೆಯ ಕಡೆ ಕೈ ತೋರಿಸಿದ.

ನನ್ನ ಒಲವು ಅಪ್ಪನ ಕಡೆಗೇ ಇತ್ತು ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ಅದನ್ನೇ ಹೇಳಲು ಬಾಯಿ ತೆರೆದೆ. "ನೀ ಸುಮ್ಕ ಕುಂದರ ಯವ್ವಾ, ಇದು ನಿನ್ನ ಕಾಲೇಜಿನ ಭಾಷಣ ಅಲ್ಲ," ಎಂದ ಅಪ್ಪ. ಆ ಕ್ಷಣದಲ್ಲಿ ನನಗೆ ಕಾಕಾನ ಟೆಂಪೋದ ಸದ್ಗುಣಗಳು ಒಂದೊಂದಾಗಿ ಹೊಳೆಯತೊಡಗಿದವು.

ಇಲ್ಲಿ ನನ್ನ ಪರಿಚಯ ಸ್ವಲ್ಪ ಅಗತ್ಯ. ಧಾರವಾಡದ ಒಂದು ಚರ್ಚಾಸ್ಪರ್ಧೆಯಲ್ಲಿ ನಾನು ವಿಷಯದ ಪರವಾಗಿ ಮಾತಾಡಿ ಮುಗಿಸಿದಾಗ, ವಿರೋಧವಾಗಿ ಮಾತಾಡಬೇಕಿದ್ದವರ ಬಸ್ಸು ಕೆಟ್ಟು ನಿಂತಿದೆ ಎಂದು ತಿಳಿಯಿತು. ಸಂಘಟಕರು ಕಕ್ಕಾಬಿಕ್ಕಿಯಾಗಿದ್ದರು. ನಾನೇ ಎದ್ದು ನನ್ನನ್ನು ಖಂಡಿಸಿದೆ. ಮೊದಲ ಬಹುಮಾನವೂ ಎರಡನೆಯದೂ ನನಗೇ ಬಂದವು. ಎರಡೂ ಢಾಲು ಈಗ ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಉಪ್ಪಿನಕಾಯಿ ಭರಣಿಗಳಿಗೆ ಆಧಾರವಾಗಿ ನಿಂತಿವೆ. ಇಂಥವಳಿಗೆ ಸುಮ್ಮನೆ ಕೂರು ಎಂದರೆ ಕೇಳುತ್ತಾಳೆಯೇ?

"ಅಪ್ಪಾ, ಹುಬ್ಬಳ್ಳಿ ಶೋರೂಮಿನಾಂವ ನಿನಗೇನಂದ?" ಎಂದೆ.

"ಇದನ್ನ ಗಾಡಿ ಅನಬ್ಯಾಡ್ರಿ, ಮನಿ ಅನ್ರಿ ಅಂದ."

"ನೀ ಒಪ್ಪಿದೇನು?"

"ಒಪ್ಪಿದೆ."

"ಹಂಗಾರ ನಮ್ಮ ಮನೆತನದಾಗ ಮಂದಿ ಕಟ್ಟಿಸಿದ ಮನಿ ಯಾರರ ಕೊಂಡಾರೇನು? ಮುತ್ಯಾ ಕೊಂಡಿದ್ನೇನು? ನೀ ಕೊಂಡಿಯೇನು?"

ಕಾಕಾ ಚಪ್ಪಾಳೆ ತಟ್ಟಿದ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತು, "ಮುಗೀತೇನು? ಹಂಗಾರ ಎಂದ ಹೋಗೂದು?" ಎಂಬ ಅವ್ವನ ದನಿ ಕೇಳಿತು. ಗೆದ್ದ ಸಂಭ್ರಮದಲ್ಲಿ ನಾನಾಗಲಿ, ಸೋತ ಬೇಸರದಲ್ಲಿ ಅಪ್ಪನಾಗಲಿ ಉತ್ತರ ಕೊಡಲಿಲ್ಲ.

ಸೋತ ಅಪ್ಪ ನನ್ನ ವಾದವನ್ನು ನನಗಿಂತ ಹೆಚ್ಚು ನಂಬಿಬಿಟ್ಟ. ಅದೇ ಅವನ ಸೇಡು. ರಾಣೆಬೆನ್ನೂರಿನಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಮೌಲಾಸಾಬ ಮೇಸ್ತ್ರಿಯ ಮುಂದೆ ಟೆಂಪೋ ನಿಲ್ಲಿಸಿದ್ದೇ, "ಮನಿ ಅಂದ ಮ್ಯಾಲ ವಾಸ್ತು ಬೇಕು. ಒಲಿ ಆಗ್ನೇಯಕ್ಕ ಬರ್ಲಿ, ಬಚ್ಚಲಾ ವಾಯವ್ಯಕ್ಕ" ಎಂದ. ಮೇಸ್ತ್ರಿ ಸೀಮೆಸುಣ್ಣ ಹಿಡಿದು ಟೆಂಪೋದ ಸುತ್ತ ಎರಡು ಪ್ರದಕ್ಷಿಣೆ ಹಾಕಿದ. "ಸಾಹೇಬ್ರ, ಗಾಡಿಗೆ ಮುಂದ-ಹಿಂದ ಅಂತ ಇರ್ತದ್ರಿ, ಮೂಡಲ-ಪಡುವಲ ಇರೂದಿಲ್ರಿ" ಎಂದ. ಮೂಡಲಕ್ಕೆ ಮುಖ ಮಾಡಿ ನಿಲ್ಲಿಸಿದ್ದೇವೆ ಎಂದು ಲೆಕ್ಕ ಹಿಡಿದರಾಯಿತು ಎಂದು ಕಾಕಾ ಸೂಚಿಸಿದ. ಅಪ್ಪ ಒಂದು ನಿಮಿಷ ಕಣ್ಣುಮುಚ್ಚಿ ಕೈಯಿಂದ ಗಾಳಿಯಲ್ಲಿ ಟೆಂಪೋವನ್ನು ತಿರುಗಿಸಿದ. "ಕಾರವಾರ ಪಡುವಲಕ್ಕ ಅದ. ಆ ಕಡೆ ಮುಖಾ ಮಾಡಿದ್ರ ಒಲಿ ವಾಯವ್ಯಕ್ಕ ಹೋತಲ್ಲೋ! ರಿವರ್ಸ್‌ನ್ಯಾಗ ಹೊಂಟ್ರ ಹೆಂಗ?" ಮೇಸ್ತ್ರಿ ಸೀಮೆಸುಣ್ಣವನ್ನು ಕಿವಿಗೆ ಸಿಕ್ಕಿಸಿಕೊಂಡು, "ಹೋಗ್ರಿ. ಆದ್ರ ಸಮುದ್ರ ಬಂದದ್ದು ಹಿಂದಿನ ಗಾಲಿ ತೊಯ್ದ ಮ್ಯಾಲ ಗೊತ್ತಾಕ್ಕತಿ ನೋಡ್ರಿ" ಎಂದ.

ಕೊನೆಗೆ ನಾನೇ ನಡುವೆ ಬಿದ್ದು, ಓಡುವಾಗ ಅದು ಗಾಡಿ, ನಿಂತಾಗ ಮನೆ ಎಂದು ತೀರ್ಪು ಕೊಟ್ಟೆ. ಎಲ್ಲರೂ ತಲೆದೂಗಿದರು. ಆ ವಾಕ್ಯದ ಬಗ್ಗೆ ನನಗೆ ಒಂದು ವಾರ ಹೆಮ್ಮೆಯಿತ್ತು. ನಿಂತಾಗ ಮನೆ ಎಂದರೆ ನಿಂತಾಗ ಗೃಹಪ್ರವೇಶವೂ ಆಗಬೇಕು ಎಂಬುದು ನನಗೆ ಹೊಳೆದದ್ದು ಅಪ್ಪ ಕಾರ್ಡು ಅಚ್ಚು ಹಾಕಿಸಿ ತಂದಾಗ. ಸ್ಥಳ ಎಂಬಲ್ಲಿ 'ಸದ್ಯಕ್ಕೆ ನಮ್ಮ ಮನೆಯ ಮುಂದೆ' ಎಂದಿತ್ತು. "ಎಂದ ಹೋಗೂದು?" ಎಂದು ಅವ್ವ ಮತ್ತೆ ಕೇಳಿದಳು. "ಮೊದಲ ಮನ್ಯಾಗ ಹೋಗೂಣು, ಆಮ್ಯಾಲ ಸಮುದ್ರಕ್ಕ" ಎಂದ ಅಪ್ಪ.

ಗೃಹಪ್ರವೇಶವೆಂದ ಮೇಲೆ ಮೊದಲು ಒಳಗೆ ಹೋಗಬೇಕಾದದ್ದು ಆಕಳು. ಹತ್ತಿರದ ಹಳ್ಳಿ ಅಗಡಿಯಿಂದ ಗಂಗವ್ವ ಎಂಬವಳು ತನ್ನ ಆಕಳನ್ನು ಹೊಡೆದುಕೊಂಡು ಬಂದಳು. ಕರು ಸಣ್ಣದೆಂದು ಮನೆಯಲ್ಲೇ ಕಟ್ಟಿದ್ದಳು. ಹಿಂಬಾಗಿಲಿಗೆ ಹಲಗೆ ಆನಿಸಿ ಬೆಲ್ಲ ತೋರಿಸಿದ್ದೇ ತಡ, ಆಕಳು ಸೋದರತ್ತೆಯ ಮನೆಗೆ ಬಂದಂತೆ ಸರಾಗವಾಗಿ ಹತ್ತಿ ಒಲೆಯವರೆಗೆ ಹೋಗಿ ನಿಂತಿತು. ಬಿಸಿಲಿಗೆ ತಗಡಿನ ಸಂದಿಯಲ್ಲಿದ್ದ ಬ್ಯಾಡಗಿ ಮೆಣಸಿನಕಾಯಿ ಘಾಟು ಎಚ್ಚರವಾಯಿತು. ಆಕಳು ಸೀನಿತು. ಪೂಜೆಗೆ ಬಂದ ಅಯ್ಯನವರು ಮಂತ್ರ ನಿಲ್ಲಿಸಿ, "ಒಂಟಿ ಸೀನು ಬ್ಯಾಡ್ರಿ, ಇನ್ನೊಂದ ಬರ್ಲಿ" ಎಂದು ಕಾದರು. ಇನ್ನೊಂದು ಬಂತು, ಬೆನ್ನಿಗೇ ಮೂರನೆಯದು ಬಂತು, ನಾಲ್ಕನೆಯದಕ್ಕೆ ಕಾಯುತ್ತ ಅಯ್ಯನವರೇ ಸೀನಿದರು. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬ ಬಗ್ಗೆ ನನಗೂ ಅಪ್ಪನಿಗೂ ಬಿಸಿಬಿಸಿ ಚರ್ಚೆ ನಡೆದಿರುವಾಗ, ಆಕಳಿಗೆ ಒಳಗೆ ತಿರುಗಲು ಜಾಗವಿಲ್ಲ ಎಂಬುದನ್ನು ಗಂಗವ್ವ ಕಂಡುಹಿಡಿದಳು.

"ಹಿಂದ ಸರಸಬೇ," ಎಂದ ಕಾಕಾ.

"ಆಕಿ ಹಿಂದ ಸರಿಯೂದಿಲ್ರಿ ಯಪ್ಪಾ. ಹುಟ್ಟಾ ಹಂಗ ಅದಾಳ."

"ನಮ್ಮ ಮನ್ಯಾಗೂ ಒಬ್ಬಾಕಿ ಅದಾಳ," ಎಂದು ಕಾಕಾ ನನ್ನ ಕಡೆ ನೋಡಿದ.

ಆಕಳು ಆ ಹೊತ್ತಿಗೆ ವ್ಯಾನನ್ನು ಪೂರ್ಣ ಮನೆಯೆಂದು ಒಪ್ಪಿಕೊಂಡಿತ್ತು. ವಾಯವ್ಯದ ಬಚ್ಚಲು ಅದರ ಬಾಲದ ಪಕ್ಕದಲ್ಲೇ ಇತ್ತು. ಆದರೆ ಅದು ನಡುಮನೆಯನ್ನೇ ಆರಿಸಿಕೊಂಡಿತು. ಕರುವಿನ ಕೂಗು ಕೇಳಿದರೆ ಮಾತ್ರ ಆಕಳು ಹಿಂದೆ ಬಂದೀತು ಎಂದಳು ಗಂಗವ್ವ. ಕರುವನ್ನು ಇಲ್ಲಿಗೆ ತರುವುದೇ ತರ್ಕಬದ್ಧ ಎಂದು ನಾನು, ತರಲು ಯಾವ ಗಾಡಿ ಎಂದು ಅಪ್ಪ. ಅಷ್ಟರಲ್ಲಿ ಅವ್ವ ಸೆರಗು ಸಿಕ್ಕಿಸಿ ಮುಂದಿನ ಸೀಟು ಹತ್ತಿದಳು. "ಆಕಳನ್ನ ಕರುವಿನ ಕಡೆ ಒಯ್ಯೂಣು. ಗಾಡಿ ಮತ್ತ ಇರೂದು ಯಾತಕ್ಕ?" ಕಾಕಾ ಸ್ಟೇರಿಂಗ್ ಹಿಡಿದ, ಗಂಗವ್ವ ಅವ್ವನ ಪಕ್ಕ ಹತ್ತಿದಳು.

ಅಗಡಿಗೆ ಹೋಗುವುದು ಎಷ್ಟು ಹೊತ್ತಿನ ಮಾತು? ಅವರು ಬಂದದ್ದು ಸಂಜೆಗೆ. ಉಂಡ ಬಳಗವೆಲ್ಲ ಸೀನುತ್ತ ಮನೆಗೆ ಹೋಗಿಯಾಗಿತ್ತು. ಕರು ಕೂಗಿದ್ದೇ ಆಕಳು ಹಿಂದೆ ಸರಿದು ಇಳಿದಿತ್ತಂತೆ. ಅವ್ವ ಗಂಗವ್ವನ ಹಿತ್ತಲಲ್ಲಿ ವ್ಯಾನು ನಿಲ್ಲಿಸಿಕೊಂಡು, ತನ್ನ ಒಲೆಯ ಮೇಲೆ ಚಹಾ ಮಾಡಿ ಕುಡಿದು, ತನ್ನ ಮಂಚದ ಮೇಲೆ ಒಂದು ನಿದ್ದೆ ತೆಗೆದಿದ್ದಳು. ಆಮೇಲೆ ಅವಳೂ ಗಂಗವ್ವನೂ ಸೇರಿ ವ್ಯಾನನ್ನು ತೊಳೆದು, ಆಕಳು ಕೊಟ್ಟದ್ದರಿಂದಲೇ ನೆಲ ಸಾರಿಸಿದ್ದರು. ಮೇಸ್ತ್ರಿ ಮೂರು ಸಲ ತೊಳೆದರೂ ಹೋಗದ ಘಾಟು ಅಂದಿನಿಂದ ಇಲ್ಲ. ಆಕಳು ಕೆಡಿಸಿತು ಎನ್ನುವವರು ಈ ಸಾಕ್ಷ್ಯವನ್ನು ದಯವಿಟ್ಟು ಗಮನಿಸಬೇಕು.

ಅಪ್ಪ ಗಮನಿಸಲಿಲ್ಲ. ದನ ನಿಂತ ಗಾಡಿ ಬೇಡ, ಹುಬ್ಬಳ್ಳಿಯದನ್ನೇ ಕೊಳ್ಳೋಣ ಎಂದು ಕಳೆದ ರವಿವಾರ ಮತ್ತೆ ಸಭೆ ಕರೆದ. ನಾನು ಎರಡೂ ಕಡೆಯ ಟಿಪ್ಪಣಿ ಬರೆದುಕೊಂಡು ಕೂತೆ. ಎರಡನೆಯ ಅಂಶಕ್ಕೆ ಬರುವಾಗ ಕಾಕಾನ ಕುರ್ಚಿ ಖಾಲಿಯಿತ್ತು. ಹೊರಗೆ ಟೆಂಪೋ ಗುರುಗುಟ್ಟಿತು. ಓಡಿಹೋಗಿ ನೋಡಿದರೆ ಮುಂದೆ ಕಾಕಾ, ಅವ್ವ, ಗಂಗವ್ವ. ಅವ್ವನ ತೊಡೆಯ ಮೇಲೆ ರೊಟ್ಟಿ ಗಂಟು.

"ಎಲ್ಲಿಗೆ?"

"ಹೊತ್ತ ಮುಳಗೂದ ನೋಡಾಕ. ನೀವು ಮಾತಾಡಕೋತ ಇರ್ರಿ."

"ನಾನೂ ಬರ್ತೇನಿ, ತಡಿಯವ್ವಾ."

"ಮುಂದ ಮೂರ ಸೀಟು. ಹಿಂದ ನೀ ಕುಂತ್ರ ಮನ್ಯಾಗ ಕುಂತಿಯೋ ಗಾಡ್ಯಾಗ ಕುಂತಿಯೋ ಅಂತ ಕಾರವಾರತನಾ ತೆಲಿ ತಿಂತಿ."

ಕಾಕಾ ಗೇರು ಹಾಕಿದ. ನಾನು ಟಿಪ್ಪಣಿ ಹಿಡಿದ ಕೈಯಿಂದಲೇ ಕಿಟಕಿಯನ್ನು ಹಿಡಿದುಕೊಂಡು ನಾಲ್ಕು ಹೆಜ್ಜೆ ಓಡಿದೆ.

"ಅವ್ವಾ, ಆ ಆಕಳ ನಿಂತ ಜಾಗಾ ಖಾಲಿ ಐತಲ್ಲ, ಅದರಂಗ ಬಾಯಿ ಮುಚಗೊಂಡ ಅಲ್ಲೇ ನಿಂತ್ರ ಬ್ಯಾಡ ಅಂತೀಯೇನು?"