ಕಾಕಾನ ಬಣ್ಣದ ಗಿಲಾವು

೧೯೭೪, ಏಪ್ರಿಲ್ ೧೪, ಭಾನುವಾರ. ಬೆಳಿಗ್ಗೆ ಏಳೂವರೆಗೆ ಬರೆಯಲು ಕುಳಿತೆ.

ಗೋಲಗುಂಬಜ್ ಕಟ್ಟಿದವರಿಗೂ ನಮ್ಮ ಕಾಕಾನಷ್ಟು ಗಾರೆ ಬೇಕಾಗಿರಲಿಕ್ಕಿಲ್ಲ! ಅವರು ಗೋಡೆಗೆ ಗಿಲಾವು ಬಳಿದರು, ಕಾಕಾ ಚಿತ್ರಕ್ಕೆ ಬಳಿಯುತ್ತಾನೆ. ವ್ಯತ್ಯಾಸ ಇಷ್ಟೇ.

ಕಾಕಾನ ಮನೆ ವಿಜಾಪುರದ ಜೋರಾಪುರ ಪೇಟೆಯಲ್ಲಿ. ಕೆಲಸ ತಿಕೋಟಾದ ಸಾಲೆಯಲ್ಲಿ, ಚಿತ್ರದ ಮಾಸ್ತರಿಕೆ. ಬರೆಯುವುದು ದೇವರನ್ನಲ್ಲ, ರಾಜರನ್ನಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುವ ಕಾಕಿಯನ್ನು. ಅದೂ ಕುಂಚದಿಂದಲ್ಲ, ಅವಳು ರೊಟ್ಟಿ ತಿರುವುವ ಕಬ್ಬಿಣದ ಪಟ್ಟಿಯಿಂದ! ಅತ್ತ ಎಣ್ಣೆಬಣ್ಣವನ್ನು ಬೆಣ್ಣೆಯಂತೆ ಮೆತ್ತುತ್ತಾನೆ, ಇತ್ತ ಹಂಚಿನ ಮೇಲೆ ರೊಟ್ಟಿ ಕರಕಲು.

ಅವನ ಹಟ ಒಂದೇ: ಚಿತ್ರ ನೋಡಿ ಕಾಕಿ ತಾನಾಗಿಯೇ "ಇಕಿ ನಾನ" ಅನ್ನಬೇಕು. ಮೊದಲನೆಯದನ್ನು ನೋಡಿ ಅವಳು, "ಎಮ್ಮಿ ಚಲೋ ಬಂದೈತ್ರಿ" ಎಂದಳು. ಎರಡನೆಯದಕ್ಕೆ, "ಇದು ಬಣವಿ ಅಲ್ಲೇನ್ರಿ?" ಎಂದಳು.

ಸೋಲೊಪ್ಪುವನೇ ಕಾಕಾ? ಬಣ್ಣ ಇನ್ನೂ ದಪ್ಪಗಾಯಿತು! ಮೂರನೆಯದನ್ನು ಬಬಲೇಶ್ವರದಲ್ಲಿರುವ ತನ್ನ ಅಕ್ಕನಿಗೆ ತೋರಿಸಲು ಹಸಿಯಿರುವಾಗಲೇ ಬಸ್ಸಿಗೆ ಹೊತ್ತೊಯ್ದ.

"ಮಾಸ್ತರ, ಗಿಲಾವು ಗಟ್ಟಿ ಆಗೈತಿ. ಸುಣ್ಣ ಯಾವಾಗ ಹೊಡಸ್ತೀರಿ?" ಎಂದ ಕಂಡಕ್ಟರ್.

"ಲೇ, ಅಕಿ ನನ್ನ ಹೇಣ್ತಿ!"

"ಹಂಗಾರ ಇನ್ನೊಂದು ಟಿಕೀಟ್ ತಗೋರಿ!"

ಆ ಚಿತ್ರದಲ್ಲಿ ಉಳಿದದ್ದೆಲ್ಲ ಒಣಗಿದರೂ ಸೆರಗು ಮಾತ್ರ ಅವನಿಗೆ ಒಪ್ಪಿಗೆಯಾಗಲಿಲ್ಲ. ಹೆರೆದ, ಮೆತ್ತಿದ, ಮತ್ತೆ ಹೆರೆದ, ಮತ್ತೆ ಮೆತ್ತಿದ. ನಿನ್ನೆ ಹೊಸದಾಗಿ ಮೆತ್ತಿ, ಮಾಳಿಗೆಯ ಮೇಲೆ ಕಾಕಿಯ ಸಂಡಿಗೆಯ ಪಕ್ಕ ಒಣಗಲು ಇಟ್ಟ. ಮಧ್ಯಾಹ್ನ ಧೂಳಿನ ಗಾಳಿ ಎದ್ದಿತು. ಕಾಕಿ ಓಡಿಹೋಗಿ ಸಂಡಿಗೆ ಮುಚ್ಚಿದಳು. ಗಂಡನ ಚಿತ್ರ ಹಾಳಾಗಬಾರದಲ್ಲ! ಅದನ್ನೂ ತನ್ನ ಹಳೆಯ ಇಳಕಲ್ ಸೀರೆಯಿಂದ ಮುಚ್ಚಿ, ಹಾರದಂತೆ ಚೆನ್ನಾಗಿ ಒತ್ತಿ, ಮೇಲೆ ಕಲ್ಲು ಹೇರಿದಳು.

ಸಂಜೆ ಸೀರೆ ಎತ್ತಿದರೆ ಮೇಲಿನ ಬಣ್ಣ ಅದಕ್ಕೇ ಅಂಟಿಕೊಂಡು ಬಂತು! ನಾನು ಭೂಕಂಪಕ್ಕೆ ಸಿದ್ಧನಾದೆ. ಆದರೆ ಕಾಕಾ ಬಗ್ಗಿ ನೋಡುತ್ತಲೇ ಇದ್ದ. ಬಣ್ಣದ ಸೆರಗಿನ ಮೇಲೆ ನಿಜವಾದ ಸೀರೆಯ ನೇಯ್ಗೆ ಎಳೆ ಎಳೆಯಾಗಿ ಅಚ್ಚಾಗಿತ್ತು. ಕಾಕಿ ಹೊಲಿದಿದ್ದ ಹರಕು ಕೂಡ!

ಕಾಕಿ ಆ ಹೊಲಿಗೆಯನ್ನು ಮೆಲ್ಲಗೆ ಮುಟ್ಟಿದಳು. ಅಲ್ಲಿಂದ ಅವಳ ಬೆರಳು ಕಾಕಾ ಮೆತ್ತಿದ್ದ ಬಾಗಿದ ಬೆನ್ನಿಗೆ, ಜಾರಿದ ತುರುಬಿಗೆ, ಮೊಣಕೈಯ ಸುಟ್ಟ ಕಲೆಗೆ ಹೋಯಿತು.

"ಈ ಕಲಿ ನಿಮಗ ಗೊತ್ತೈತೇನ್ರಿ?"

"ಯಾಕ ಗೊತ್ತಿರಂಗಿಲ್ಲ?"

"ಇಷ್ಟು ವರ್ಷ ನೀವು ರೊಟ್ಟಿ ಅಷ್ಟ ನೋಡ್ತೀರಿ ಅಂತ ತಿಳಕೊಂಡಿದ್ನಿ."

ಕಾಕಾ ಚಿತ್ರವನ್ನು ಎತ್ತಿ ಅವಳ ಮುಂದೆ ಹಿಡಿದ. ಕಾಕಿ ಚಿತ್ರದಿಂದ ಕಣ್ಣು ತೆಗೆಯದೆ, "ಇಕಿ ನಾನ" ಎಂದಳು.

ಈಗ ಹಟ ಅವಳದು: ಚಿತ್ರ ಒಲೆಯ ಮೇಲಿನ ಗೋಡೆಗೇ ಬೇಕಂತೆ. ಇಷ್ಟು ದಪ್ಪದ ಬಣ್ಣ ಹೊಗೆಗೆ ಕಪ್ಪಾಗದಂತೆ ಕಾಯುವ ಉಪಾಯ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ.