ನಾನು ಹುಳಿ ಬಿಯರಿನ ತೀರ್ಪುಗಾರನಾದೆ

ಈ ಸಲ ಮೆಡಲ್ ಇಲ್ಲದೆ ಮನೆಗೆ ಕಾಲಿಡುವುದಿಲ್ಲ ಎಂದು ನಾನು ಶಪಥ ಮಾಡಿದೆ. ಶಪಥ ಮಾಡಿದ್ದು ಅಡುಗೆಮನೆಯ ನಟ್ಟನಡುವೆ ನಿಂತು, ಬಲಗೈಯಲ್ಲಿ ಸೌಟು ಎತ್ತಿ ಹಿಡಿದು. ಹೆಂಡತಿ ಆರ್ಡಿಸ್ ಸೂಜಿಗೆ ದಾರ ಪೋಣಿಸುತ್ತಿದ್ದಳು, ತಲೆ ಎತ್ತಲೂ ಇಲ್ಲ.

"ಹೋದ ವರ್ಷಾನೂ ಇದನ್ನೇ ಹೇಳಿದ್ದೆ ಡೆಲ್ಮರ್. ಆಮೇಲೆ ಊಟದ ಹೊತ್ತಿಗೆ ಸರಿಯಾಗಿ ಬಂದೆ."

"ಹೋದ ವರ್ಷದ ತೀರ್ಪುಗಾರರು ಕತ್ತೆಗಳು!"

"ಅದರ ಹಿಂದಿನ ವರ್ಷ?"

"ಅವೇ ಕತ್ತೆಗಳು!"

ನಮ್ಮ ವಿಸ್ಕಾನ್ಸಿನ್‌ನಲ್ಲಿ ಜನ ಹಿತ್ತಲಲ್ಲಿ ಟೊಮೇಟೊ ಬೆಳೆಯುವ ಹಾಗೆ ನೆಲಮಾಳಿಗೆಯಲ್ಲಿ ಬಿಯರ್ ಮಾಡುತ್ತಾರೆ. ನಾನು ಆರು ವರ್ಷದಿಂದ ಮಾಡುತ್ತಿದ್ದೇನೆ. ಪ್ರತಿ ಅಕ್ಟೋಬರ್‌ನಲ್ಲಿ ಚೆಂಡು ಉರುಳಿಸಿ ಗೂಟ ಬೀಳಿಸುವ ಊರಿನ ಬೌಲಿಂಗ್ ಹಾಲಿನ ಹಿಂದಿನ ಕೋಣೆಯಲ್ಲಿ ಮನೆಬಿಯರಿನ ಸ್ಪರ್ಧೆ ನಡೆಯುತ್ತದೆ. ಐವತ್ತಕ್ಕೆ ಅಂಕ. ಹೋದ ವರ್ಷ ನನಗೆ ಇಪ್ಪತ್ತೆರಡು ಕೊಟ್ಟು, ಕೆಳಗೆ "ಒದ್ದೆ ರಟ್ಟಿನ ರುಚಿ" ಎಂದು ಬರೆದಿದ್ದರು. ನಾನಂತೂ ಜೀವಮಾನದಲ್ಲಿ ಒದ್ದೆ ರಟ್ಟು ತಿಂದವನಲ್ಲ. ಬರೆದವನಿಗೆ ಅಭ್ಯಾಸವಿರಬೇಕು.

ಈ ವರ್ಷ ಮಾತು ಬರೀ ಮಾನದ್ದಾಗಿ ಉಳಿದಿರಲಿಲ್ಲ. ಆರ್ಡಿಸ್ ಕೌದಿ ಹೊಲಿಯುತ್ತಾಳೆ. ಕೌದಿ ಬಿಗಿದು ಕೂರಿಸುವ ಮರದ ಚೌಕಟ್ಟು ಹತ್ತು ಅಡಿ ಉದ್ದ, ಊಟದ ಕೋಣೆಯನ್ನು ಪೂರ್ತಿ ನುಂಗಿ ಕೂತಿದೆ. ನಾವಿಬ್ಬರೂ ಎರಡು ವರ್ಷದಿಂದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೇವೆ. ಅವಳು ಸೂಜಿ ಕೆಳಗಿಟ್ಟು ತೀರ್ಮಾನ ಹೇಳಿದಳು:

"ಈ ಸಲ ಒಂದು ಮೆಡಲ್ ತಾ, ಯಾವ ಬಣ್ಣದ್ದಾದ್ರೂ ಸರಿ, ನಾನು ಮತ್ತೆ ನೆಲಮಾಳಿಗೆ ಹೆಸರೆತ್ತಲ್ಲ. ತರ್ಲಿಲ್ವಾ, ನಿನ್ನ ಡ್ರಮ್ಮು, ಹಂಡೆ, ಪೈಪು ಎಲ್ಲಾ ಮೇಲಕ್ಕೆ, ನನ್ನ ಚೌಕಟ್ಟು ಕೆಳಕ್ಕೆ. ಕೈ ಕೊಡು."

ಕೊಟ್ಟೆ. ಕುಲುಕಿ ಕುಲುಕಿ ಕೊಟ್ಟೆ. ಸೋಲುವ ಭಯ ಇದ್ದವನು ತಾನೇ ಹಿಂಜರಿಯುವುದು!

ಮಾಡಿದ್ದು ಪಿಲ್ಸ್ನರ್. ಚಿನ್ನದ ಬಣ್ಣದ, ತಿಳಿಯಾದ ಬಿಯರು. ಸಣ್ಣ ತಪ್ಪನ್ನೂ ಮುಚ್ಚಿಡಲಾಗದ ಕಾರಣ ಹೇಡಿಗಳು ಅದರ ತಂಟೆಗೆ ಹೋಗುವುದಿಲ್ಲ. ಬಿಯರನ್ನು ಡ್ರಮ್ಮಿನಿಂದ ಸೀಸೆಗೆ ಇಳಿಸುವ ದಿನ ನನ್ನ ರಬ್ಬರ್ ಪೈಪು ಸೀಳಿ ಹೋಗಿತ್ತು. ಭಾನುವಾರ, ಅಂಗಡಿ ಮುಚ್ಚಿತ್ತು. ಬಾಮೈದ ವರ್ಲಿನ್‌ನ ಕೊಟ್ಟಿಗೆಗೆ ಹೋಗಿ, ಅವನು ಕಾಣಿಸದ ಕಾರಣ, ಗೋಡೆಗೆ ನೇತುಹಾಕಿದ್ದ ಪೈಪು ತಂದೆ. ಬಾಮೈದನ ಸಾಮಾನು ಬೇರೆಯವರದ್ದಲ್ಲ.

ಈ ವರ್ಲಿನ್ ಬಗ್ಗೆ ಹೇಳಬೇಕು. ಹನ್ನೊಂದು ಆಡು ಸಾಕಿದ್ದಾನೆ. ಆಡಿನ ಕೊಟ್ಟಿಗೆಯಲ್ಲೇ ಹುಳಿ ಬಿಯರ್ ಮಾಡುತ್ತಾನೆ. ಹುಳಿ ಬಿಯರ್ ಎಂದರೆ ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡುವ ಹಾಗೆ, ಬೇಕೆಂದೇ ಬಿಯರನ್ನು ಹುಳಿಯಾಗಿಸುವುದು. ಕೆಡಿಸಿದ್ದಕ್ಕೆ ಹೋದ ವರ್ಷ ಚಿನ್ನದ ಮೆಡಲ್ ಕೊಟ್ಟರು! ಅವನು ಅದನ್ನು ಒಂದು ಆಡಿನ ಕೊರಳಿಗೆ ಕಟ್ಟಿ, ಆಡನ್ನು ರಸ್ತೆ ಬದಿ ಮೇಯಲು ಬಿಟ್ಟಿದ್ದಾನೆ. ನನ್ನ ಲಾರಿ ದಿನಾ ಅದೇ ರಸ್ತೆಯಲ್ಲಿ ಹೋಗುತ್ತದೆ.

ಸ್ಪರ್ಧೆಯ ಅರ್ಜಿ ಈಗ ಕಂಪ್ಯೂಟರಿನಲ್ಲಿ ತುಂಬಬೇಕು. ಒಂಬತ್ತನೇ ಕ್ಲಾಸಿಗೇ ಶಾಲೆಗೂ ನನಗೂ ಜಗಳವಾಗಿ ಬೇರೆಯಾದದ್ದರಿಂದ ಅಂಥ ಕೆಲಸವೆಲ್ಲ ಆರ್ಡಿಸ್‌ದು. "ಪಿಲ್ಸ್ನರ್ ಅಂತ ಹಾಕು" ಎಂದೆ. "ಆಯ್ತು ನೋಡ್ತೀನಿ" ಎಂದಳು. ಮೂರು ಸೀಸೆ ಅವಳೇ ಒಯ್ದು ಕೊಟ್ಟು ಬಂದಳು.

ಇಷ್ಟರ ಮೇಲೆ ನಾನು ಇನ್ನೊಂದು ಉಪಾಯ ಹೂಡಿದೆ. ಈ ಕತ್ತೆಗಳು ಲಾಯದೊಳಗೆ ಏನು ಮಾಡುತ್ತವೆ ನೋಡೋಣವೆಂದು ನಾನೂ ತೀರ್ಪುಗಾರನಾಗುತ್ತೇನೆ ಎಂದು ಹೆಸರು ಕೊಟ್ಟೆ. ಹೊಸಬರನ್ನು ಹಳಬರ ಜೊತೆ ಕೂರಿಸುತ್ತಾರೆ. ಮನೆಮನೆಯ ಪಾಯಿಖಾನೆ ಗುಂಡಿ ಹೀರುವ ಲಾರಿ ನನ್ನದು. ಇಪ್ಪತ್ತಾರು ವರ್ಷ ಆ ಕೆಲಸ ಮಾಡಿದ ಮೂಗಿಗಿಂತ ಅನುಭವಸ್ಥ ಮೂಗು ಈ ಜಿಲ್ಲೆಯಲ್ಲಿ ಯಾವುದಿದೆ?

ಬೆಳಿಗ್ಗೆ ಒಂಬತ್ತಕ್ಕೆ ಹೋದೆ. ಹಿರಿಯ ತೀರ್ಪುಗಾರ್ತಿ ಮಿಸೆಸ್ ಟೋರ್ವಿಕ್ ತೀರ್ಪುಗಾರರ ಪಟ್ಟಿ ಹಿಡಿದು ನಿಂತಿದ್ದರು. ನಲವತ್ತು ವರ್ಷ ದಂತವೈದ್ಯರ ಬಳಿ ಜನರ ಹಲ್ಲು ತೊಳೆದು ನಿವೃತ್ತರಾದ ಹೆಂಗಸು. ಎದುರಿಗೆ ನಿಂತರೆ ತಾನಾಗಿ ಬಾಯಿ ತೆರೆಯುವ ಹಾಗಾಗುತ್ತದೆ.

"ಮಿಸ್ಟರ್ ಪಿಯೊಂಟೆಕ್, ನನ್ನ ಜೊತೆ ಕೂರಬೇಕಾದವರಿಗೆ ನೆಗಡಿ. ನಿಮ್ಮ ಬಿಯರ್ ಯಾವ ವಿಭಾಗದಲ್ಲಿದೆ? ಸ್ವಂತ ಬಿಯರ್ ಇರೋ ಕಡೆ ಕೂರಬಾರದು, ಅದಕ್ಕೆ ಕೇಳ್ತಿದ್ದೀನಿ."

"ಪಿಲ್ಸ್ನರ್."

"ಸರಿ ಹಾಗಾದ್ರೆ. ನನ್ನ ಮೇಜಿಗೆ ಬನ್ನಿ. ಹುಳಿ ವಿಭಾಗ."

ಹುಳಿ! ವರ್ಲಿನ್‌ನ ವಿಭಾಗ! ನಾನು ಜೀವನದಲ್ಲಿ ಇಷ್ಟು ವಿನಯವಾಗಿ ಯಾವ ಕುರ್ಚಿಯ ಮೇಲೂ ಕೂತಿಲ್ಲ.

ತೀರ್ಪು ಕೊಡುವುದು ಪೂಜೆಯ ಹಾಗೆ. ಸೀಸೆಗಳಿಗೆ ಚೀಟಿಯಿಲ್ಲ, ಹೆಸರಿಲ್ಲ. ಮುಚ್ಚಳಕ್ಕೂ ಕರಿ ಬಳಿದಿರುತ್ತಾರೆ. ಕೊರಳಿಗೆ ರಬ್ಬರ್‌ಬ್ಯಾಂಡಿನಲ್ಲಿ ಒಂದು ನಂಬರು ಮಾತ್ರ. ಮೊದಲು ಮೂಸಬೇಕು, ಆಮೇಲೆ ಬೆಳಕಿಗೆ ಹಿಡಿಯಬೇಕು, ಆಮೇಲೆ ಒಂದು ಗುಟುಕು, ಆಮೇಲೆ ಉಪ್ಪಿಲ್ಲದ ಬಿಸ್ಕತ್ತು. ಇಬ್ಬರೂ ಬರೆದು ಮುಗಿಸುವ ತನಕ ಮಾತಾಡಬಾರದು. ಇದೆಲ್ಲ ಸರಿ. ಆದರೆ ಮುಖದಲ್ಲೂ ಏನೂ ತೋರಿಸಬಾರದಂತೆ! ನನ್ನ ಮುಖ ನನ್ನ ಮಾತು ಯಾವತ್ತು ಕೇಳಿದೆ?

ಏಳು ಸೀಸೆ ಇದ್ದವು. ಮೊದಲ ಮೂರಕ್ಕೆ ನಾನು ಮಿಸೆಸ್ ಟೋರ್ವಿಕ್‌ರ ಹಾಳೆಯ ಕಡೆ ಓರೆಗಣ್ಣು ಬಿಟ್ಟು, ಅವರು ಇಪ್ಪತ್ತೆಂಟು ಹಾಕಿದರೆ ಇಪ್ಪತ್ತೇಳು, ಮೂವತ್ತೊಂದು ಹಾಕಿದರೆ ಮೂವತ್ತೊಂದು ಹಾಕಿ ಸಜ್ಜನನಾಗಿದ್ದೆ. ನಾಲ್ಕನೆಯದು ಬಂತು. ನಂಬರು ಮುನ್ನೂರ ಹದಿನೆಂಟು.

ಮೂಗು ಬಟ್ಟಲಿಗೆ ತಾಗುವ ಮೊದಲೇ ನನಗೆ ಗೊತ್ತಾಯಿತು. ಅದೇ! ವರ್ಲಿನ್‌ನ ಕೊಟ್ಟಿಗೆ! ಬಾಗಿಲು ತೆಗೆದ ತಕ್ಷಣ ಮುಖಕ್ಕೆ ಬಡಿಯುವ ಅದೇ ನಿಂಬೆ, ಅದೇ ಒಣಹುಲ್ಲು, ಹಿಂದೆಲ್ಲೋ ಅದೇ ಆಡು! ಇಪ್ಪತ್ತಾರು ವರ್ಷದ ಮೂಗು ಸುಳ್ಳು ಹೇಳುತ್ತದೆಯೇ?

"ಮಿಸ್ಟರ್ ಪಿಯೊಂಟೆಕ್, ನಿಮ್ಮ ಮುಖ."

"ಏನಾಯ್ತು ನನ್ನ ಮುಖಕ್ಕೆ?"

"ಕೂಗಾಡ್ತಿದೆ."

ಸುಮ್ಮನೆ ಬರೆದೆ. ಸೊನ್ನೆ ಬರೆದೆ. ಅವರು ಹಾಳೆ ನೋಡಿ ಕನ್ನಡಕ ಸರಿಮಾಡಿಕೊಂಡರು.

"ಸೊನ್ನೆ ಹಾಕೋ ಹಾಗಿಲ್ಲ. ಎಷ್ಟೇ ಕೆಟ್ಟದಾಗಿದ್ರೂ ಹದಿಮೂರು ಕೊಡಬೇಕು, ಸೌಜನ್ಯಕ್ಕೆ."

"ಯಾರಿಗೆ ಸೌಜನ್ಯ?"

"ಈ ಹಾಳೆ ಅವರ ಮನೆಗೆ ಹೋಗುತ್ತೆ. ಹೆಂಡ್ತಿ ಮಕ್ಕಳು ಓದ್ತಾರೆ."

"ಓದ್ಲಿ! ಅವರಿಗೂ ಗೊತ್ತಾಗ್ಲಿ!"

ಹದಿಮೂರು ಹಾಕಿದೆ. ಅವರು ಹಾಕಿದ್ದು ನಲವತ್ಮೂರು.

"ನಲವತ್ಮೂರಾ! ಯಾತಕ್ಕೆ?"

"ಇಪ್ಪತ್ತು ವರ್ಷದಿಂದ ಈ ಮೇಜಲ್ಲಿ ಕೂರ್ತಿದ್ದೀನಿ, ಇಷ್ಟು ಹದವಾದ ಹುಳಿ ಕುಡಿದಿಲ್ಲ. ಚುರುಕಾಗಿದೆ, ಹಗುರವಾಗಿದೆ. ಮಾಡಿದವರು ಬಹಳ ತಾಳ್ಮೆ ಇರೋ ಮನುಷ್ಯ."

"ತಾಳ್ಮೆ ಅಲ್ಲ ಮೇಡಂ, ಅವನು ಸೋಮಾರಿ!"

"ಯಾರು ಅಂತ ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ಲ. ರುಚೀಲೇ ಸೋಮಾರಿತನ ಇದೆ."

ಇಬ್ಬರು ತೀರ್ಪುಗಾರರ ನಡುವೆ ಏಳಂಕಕ್ಕಿಂತ ಹೆಚ್ಚು ಅಂತರ ಇರಬಾರದೆಂದು ನಿಯಮ. ನಮ್ಮ ನಡುವೆ ಮೂವತ್ತಿತ್ತು. ಚೌಕಾಸಿ ಶುರುವಾಯಿತು. ಅವರು ನಲವತ್ತಕ್ಕೆ ಇಳಿದರು, ನಾನು ಹದಿನಾಲ್ಕಕ್ಕೆ ಏರಿದೆ. ಅವರು ಮೂವತ್ತೇಳಕ್ಕೆ ಇಳಿದರು, ನಾನು ಹದಿನಾಲ್ಕರಲ್ಲೇ ನಿಂತು ಬಿಸ್ಕತ್ತು ತಿಂದೆ. ಗೋಡೆಯಾಚೆ ಬೌಲಿಂಗ್ ಗೂಟಗಳು ದಡದಡ ಬಿದ್ದವು. ನಾನು ಮೇಜು ಗುದ್ದಿದೆ. ಮುನ್ನೂರ ಹದಿನೆಂಟು ಉರುಳಿ ಮಿಸೆಸ್ ಟೋರ್ವಿಕ್‌ರ ಲಂಗದ ಮೇಲೆ ಪೂರ್ತಿ ಚೆಲ್ಲಿತು.

ಅವರು ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತಾ ತಣ್ಣಗೆ ಹೇಳಿದರು: "ನಲವತ್ತು ವರ್ಷ ಜನರ ಬಾಯಿ ತೊಳೆದಿದ್ದೀನಿ ಮಿಸ್ಟರ್ ಪಿಯೊಂಟೆಕ್. ಇಂಥ ಬಾಯಿ ನೋಡಿರಲಿಲ್ಲ. ನನ್ನದು ಮೂವತ್ತು, ನಿಮ್ಮದು ಇಪ್ಪತ್ಮೂರು. ಮುಗೀತು. ಇನ್ನೂ ಮೂರು ಬಾಟ್ಲಿ ಇದೆ, ನನ್ನ ಹತ್ರ ಇನ್ನೊಂದು ಲಂಗ ಇಲ್ಲ."

ಸರಾಸರಿ ಇಪ್ಪತ್ತಾರೂವರೆ. ಮೆಡಲಿನ ಹತ್ತಿರವೂ ಸುಳಿಯದ ಅಂಕ! ಗೆದ್ದೆ! ಹಾಳೆಯ ಕೊನೆಗೆ "ಸುಧಾರಣೆಗೆ ಸಲಹೆ" ಎಂದು ಖಾಲಿ ಜಾಗ ಬಿಟ್ಟಿದ್ದರು. ಮನಸ್ಸು ಹಗುರವಾಗುವಷ್ಟು ಬರೆದೆ. ಪೆನ್ಸಿಲ್ ಎರಡು ಸಲ ಮುರಿಯಿತು.

ಮಧ್ಯಾಹ್ನ ನಾಲ್ಕಕ್ಕೆ ಬಹುಮಾನ. ಆರ್ಡಿಸ್ ಕೌದಿಯ ಚೀಲದ ಸಮೇತ ಬಂದು ಕೂತಳು. ವರ್ಲಿನ್ ಕರಿದ ಚೀಸ್ ತಿನ್ನುತ್ತಿದ್ದ. ಪಿಲ್ಸ್ನರ್ ಕರೆದರು. ಮೂರನೆಯದು ಯಾರದ್ದೋ, ಎರಡನೆಯದು ಯಾರದ್ದೋ, ಮೊದಲನೆಯದೂ ಯಾರದ್ದೋ. ನೆಲಮಾಳಿಗೆ ಹೋಯಿತು! ಆದರೂ ಬಾಮೈದನೂ ಮುಳುಗುತ್ತಾನಲ್ಲ ಎಂಬ ಒಂದೇ ಸಮಾಧಾನ ಹಿಡಿದು ಕೂತೆ. ಹುಳಿ ವಿಭಾಗ ಕರೆದರು.

"ಮೂವತ್ತೊಂದು ಅಂಕ, ಚಿನ್ನ: ವರ್ಲಿನ್ ಬುಡ್ಡೆ!"

ನಾನು ಕೂತಲ್ಲಿಂದ ಎದ್ದುಬಿಟ್ಟೆ. ವರ್ಲಿನ್ ನನಗಿಂತ ಹೆಚ್ಚು ಗಾಬರಿಯಾಗಿದ್ದ.

"ಏನ್ ಭಾವ ಇದು! ನಂದು ಈ ಸಲ ಸಪ್ಪೆ. ಮೂವತ್ತೊಂದಕ್ಕೆಲ್ಲ ಚಿನ್ನ ಕೊಡ್ತಾರಾ? ಉಳಿದೋರೆಲ್ಲ ಏನ್ ಸತ್ತೋಗಿದ್ರಾ?"

ಅವನದು ಮೂವತ್ತೊಂದಾದರೆ ಮುನ್ನೂರ ಹದಿನೆಂಟು ಯಾರದು? ಯಾರದಾದರೂ ಹಾಳಾಗಲಿ, ನನ್ನ ಪಿಲ್ಸ್ನರ್ ಎಲ್ಲಿ? ನಾನು ಮಿಸೆಸ್ ಟೋರ್ವಿಕ್ ಬಳಿ ನುಗ್ಗಿದೆ.

"ನನ್ನ ಬಿಯರ್ ಕುಡಿದ ಕತ್ತೆ ಯಾವುದು? ಕರೀರಿ ಇಲ್ಲಿ!"

ಅವರು ಸ್ಪರ್ಧಿಗಳ ಪಟ್ಟಿ ತೆಗೆದು ಅದರ ಮೇಲೆ ಬೆರಳಾಡಿಸಿದರು. "ಪಿಲ್ಸ್ನರ್‌ನಲ್ಲಿ ನಿಮ್ಮ ಹೆಸರೇ ಇಲ್ಲ. ಪಿಯೊಂಟೆಕ್, ಪಿಯೊಂಟೆಕ್... ಇಲ್ಲಿದೆ. ಹುಳಿ ವಿಭಾಗ. ಮುನ್ನೂರ..."

ಅಲ್ಲಿಗೆ ನಿಲ್ಲಿಸಿ, ತಮ್ಮ ಲಂಗವನ್ನು ಒಂದು ಸಲ ನೋಡಿಕೊಂಡು, ಕನ್ನಡಕ ತೆಗೆದರು.

"ಕೂಗಬೇಡ ಡೆಲ್ಮರ್" ಎಂದು ಆರ್ಡಿಸ್ ಹಿಂದಿನಿಂದ ಬಂದಳು. "ಹುಳಿಗೆ ಹಾಕಿದ್ದು ನಾನೇ. ಫಾರಂ ತುಂಬೋಕೆ ಮುಂಚೆ ಒಂದು ಬಾಟ್ಲಿ ತೆಗೆದು ನೋಡಿದೆ. ನಿಂಬೆಹಣ್ಣು ಹಿಂಡಿದ ಹಾಗಿತ್ತು. ಪಿಲ್ಸ್ನರ್ ಅಂತ ಕಳಿಸಿದ್ರೆ ಎಲ್ಲರೂ ನಗೋರು. ಆದ್ರೆ ಎಷ್ಟು ಚೆನ್ನಾಗಿತ್ತು ಅಂದ್ರೆ, ಪೂರ್ತಿ ಬಾಟ್ಲಿ ಕುಡಿದುಬಿಟ್ಟೆ. ಈ ಸಲ ನಿನಗೆ ಮೆಡಲ್ ಗ್ಯಾರಂಟಿ, ನನ್ನ ಚೌಕಟ್ಟು ಇನ್ನು ಊಟದ ಮನೇಲೇ ಅಂತ ಅಂದ್ಕೊಂಡೇ ಹಾಕಿದೆ. ನಿನಗೆ ಹೇಳಿದ್ರೆ ಮನೆ ಹಾರಿಸ್ತಿದ್ದೆ."

"ಹುಳಿಯಾಗಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ? ತಿಂಗಳಿಂದ ಕುಡೀತಿದ್ದೀನಿ!"

"ಅದಕ್ಕೇ ಗೊತ್ತಾಗಲಿಲ್ಲ" ಎಂದರು ಮಿಸೆಸ್ ಟೋರ್ವಿಕ್. "ನಾಲಿಗೆ ಒಗ್ಗಿಹೋಗುತ್ತೆ."

ವರ್ಲಿನ್ ಚೀಸ್ ತಿನ್ನುವುದನ್ನು ನಿಲ್ಲಿಸಿದ್ದ. "ಭಾವ, ನನ್ನ ಕೊಟ್ಟಿಗೇಲಿದ್ದ ಪೈಪು ಕದ್ದೋನು ನೀನಾ?"

"ಕದ್ದದ್ದಲ್ಲ, ತಂದದ್ದು!"

"ಅಯ್ಯೋ, ಆ ಪೈಪಲ್ಲಿ ಎಂಟು ವರ್ಷದ ಹುಳಿ ಕೂತಿದೆ. ಕುದಿಸಿದ್ರೂ ಹೋಗಲ್ಲ. ನನ್ನ ಹೆಪ್ಪೆಲ್ಲಾ ನಿನ್ನ ಬಿಯರಿಗೆ ಹೋಗಿದೆ, ಅದಕ್ಕೇ ನಂದು ಈ ಸಲ ಸಪ್ಪೆ!"

ಅಂದರೆ ನನ್ನ ಮೂಗು ಸುಳ್ಳು ಹೇಳಿರಲಿಲ್ಲ. ಕೊಟ್ಟಿಗೆ ಅವನದ್ದೇ. ಬಿಯರು ಮಾತ್ರ ನನ್ನದು.

"ಮೇಡಂ, ಮತ್ತೆ ಅಂಕ ಹಾಕಿ!" ಎಂದೆ. ಇಷ್ಟು ಹೊತ್ತಿಗೆ ನನ್ನ ದನಿ ನನಗೇ ಗುರುತು ಸಿಗದಷ್ಟು ಮೆತ್ತಗಾಗಿತ್ತು. "ನೀವೇ ನಲವತ್ಮೂರು ಕೊಟ್ಟಿದ್ರಲ್ಲ!"

"ಆಗಲ್ಲ. ತನ್ನ ಬಿಯರಿಗೆ ತಾನೇ ತೀರ್ಪುಗಾರನಾಗಿ ಕೂತರೆ ಬಾಟ್ಲಿ ಸ್ಪರ್ಧೆಯಿಂದಲೇ ಹೊರಗೆ. ಸ್ವಂತದ್ದಕ್ಕೆ ಜಾಸ್ತಿ ಹಾಕ್ಕೋತಾರೆ ಅಂತ ಮಾಡಿದ ನಿಯಮ ಅದು. ನಿಮ್ಮಂಥವರು ಬರ್ತಾರೆ ಅಂತ ಯಾರಿಗೂ ಹೊಳೆದಿರಲಿಲ್ಲ."

ಆರ್ಡಿಸ್ ಅಷ್ಟರಲ್ಲಿ ಅಂಕದ ಹಾಳೆಗಳ ಲಕೋಟೆ ತೆರೆದಿದ್ದಳು. ಮೊದಲ ಹಾಳೆ ಓದಿ ಅವಳ ಮುಖ ಅರಳಿತು. ಎರಡನೆಯದನ್ನು ದೂರ ಹಿಡಿದಳು, ಹತ್ತಿರ ಹಿಡಿದಳು.

"ಈ ಕೈಬರಹ ಎಲ್ಲೋ ನೋಡಿದ್ದೀನಲ್ಲ."

"ಕೊಡಿಲ್ಲಿ ಅದನ್ನ" ಎಂದೆ. ಕೊಡಲಿಲ್ಲ. ಕೋಣೆಗೆಲ್ಲ ಕೇಳುವ ಹಾಗೆ ಓದಿದಳು:

"'ಸುಧಾರಣೆಗೆ ಸಲಹೆ. ಇದು ಸುಧಾರಿಸುವ ಕೇಸಲ್ಲ. ಈ ಮನುಷ್ಯನಿಗೆ ಮೂಗಿಲ್ಲ, ನಾಲಿಗೆಯಿಲ್ಲ, ನಾಚಿಕೆಯಂತೂ ಇಲ್ಲವೇ ಇಲ್ಲ. ಇದನ್ನು ಸಹಿಸಿಕೊಂಡಿರುವ ಇವನ ಹೆಂಡತಿ ದೇವತೆ. ಇವನು ಬಿಯರ್ ಮಾಡುವ ಜಾಗ ಯಾವುದೇ ಇರಲಿ, ಅದನ್ನು ಈ ಕೂಡಲೇ ಆ ತಾಯಿಗೆ ಬಿಟ್ಟುಕೊಡುವುದು ಊರಿಗೆ ಕ್ಷೇಮ.'"

ಯಾರೂ ನಗಲಿಲ್ಲ. ನಕ್ಕಿದ್ದರೆ ಒಬ್ಬನಿಗಾದರೂ ಹೊಡೆದು ಹಗುರಾಗುತ್ತಿದ್ದೆ.

ಹಾಳೆಯ ತುದಿಯಲ್ಲಿ, ಸ್ಪರ್ಧಿಗಳಿಗೆ ಏನಾದರೂ ಕೇಳುವುದಿದ್ದರೆ ಇರಲಿ ಎಂದು, ತೀರ್ಪುಗಾರರು ಫೋನ್ ನಂಬರ್ ಬರೆಯಬೇಕು. ನಾನೂ ದೊಡ್ಡದಾಗಿ ಬರೆದಿದ್ದೆ. ಆರ್ಡಿಸ್ ಕನ್ನಡಕ ಏರಿಸಿ, ಹಾಳೆ ನೋಡಿಕೊಂಡು, ತನ್ನ ಫೋನಿನಲ್ಲಿ ಒಂದೊಂದೇ ಅಂಕಿ ಒತ್ತಿದಳು. ನನ್ನ ಜೇಬು ಹೊಡೆದುಕೊಳ್ಳತೊಡಗಿತು. ಮೂರಡಿ ದೂರದಲ್ಲಿ ನನ್ನನ್ನೇ ನೋಡುತ್ತಾ ನಿಂತಿದ್ದಳು. ನಾನು ಎತ್ತಿದೆ. ಎತ್ತದೆ ಏನು ಮಾಡಲಿ, ಮಿಸೆಸ್ ಟೋರ್ವಿಕ್ ಕೂಡ ನೋಡುತ್ತಿದ್ದರು.

"ತೀರ್ಪುಗಾರರಾ ಮಾತಾಡ್ತಿರೋದು? ನಮಸ್ಕಾರ ಸಾರ್. ನಾನು ಮುನ್ನೂರ ಹದಿನೆಂಟನೇ ನಂಬರಿನವರ ಹೆಂಡ್ತಿ. ನಿಮ್ಮ ಸಲಹೆ ಓದಿದೆ, ಬಹಳ ಉಪಕಾರ ಆಯ್ತು. ಒಂದೇ ಒಂದು ಅನುಮಾನ. ಚೌಕಟ್ಟು ಹತ್ತು ಅಡಿ ಇದೆ, ಒಬ್ಬಳೇ ಇಳಿಸೋಕಾಗಲ್ಲ. ಏನ್ಮಾಡ್ಲಿ?"

ನಾನು ಗಂಟಲು ಸರಿಮಾಡಿಕೊಂಡೆ.

"ಒಂದು ತುದಿ ನಿಮ್ಮ ಯಜಮಾನರಿಗೆ ಹಿಡ್ಕೊಳ್ಳೋಕೆ ಹೇಳಿಮ್ಮಾ" ಎಂದೆ.